ದೀಪ ಕಡಲಲ್ಲಿ, ಗಲ್ಲಾಪೆಟ್ಟಿಗೆ ಬಂದರಿನಲ್ಲಿ

ಕಾಪು ಬೀಚಿನ ಲೈಟ್‌ಹೌಸ್ ಹತ್ತೋಕೆ ಕೆಳಗೆ ಟಿಕೆಟ್ ತಗೋಬೇಕು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಗೋಪುರ. ಒಳಗೆ ಸುತ್ತಿಕೊಂಡು ಹೋಗುವ ಮೆಟ್ಟಿಲು, ಮೇಲೆ ಕಾಲಿಟ್ಟ ಕೂಡಲೇ ಟೋಪಿ ಹಾರಿಸುವ ಗಾಳಿ. ಒಂದು ಸಂಜೆ ಅಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಜೊತೆಗಿದ್ದ ಗೆಳೆಯ ದೂರದಲ್ಲಿ ಮಂಗಳೂರಿನ ಕಡೆ ಸಾಗುತ್ತಿದ್ದ ಹಡಗೊಂದನ್ನು ತೋರಿಸಿ ಕೇಳಿದ: ‘ಸುಮ್ನೆ ನೋಡೋಕೆ ಬಂದ ನಮ್ಮ ಹತ್ರ ದುಡ್ಡು ತಗೊಂಡ್ರು. ಈ ದೀಪ ನಿಜವಾಗಿ ಬೇಕಾಗಿರೋದು ಅವನಿಗೆ. ಅವನ ಹತ್ರ ಯಾರು ವಸೂಲಿ ಮಾಡ್ತಾರೆ?’

‘ಯಾರೂ ಮಾಡಲ್ಲ, ಮಾಡೋಕಾಗಲ್ಲ, ಅದಕ್ಕೇ ಲೈಟ್‌ಹೌಸನ್ನ ಸರ್ಕಾರ ನಡೆಸೋದು’ ಅಂದೆ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಜಾಣತನ ಸುಮ್ಮನಿರಲಿಲ್ಲ. ‘ಆದ್ರೂ ಹಿಂದೆ ಇಂಗ್ಲೆಂಡಿನಲ್ಲಿ ಖಾಸಗಿಯವರೇ ನಡೆಸ್ತಿದ್ರು, ಸರ್ಕಾರ ಏನೂ ಬೇಕಾಗಿರಲಿಲ್ಲ, ಒಬ್ಬ ಅರ್ಥಶಾಸ್ತ್ರಜ್ಞ ಅದನ್ನ ಸಾಬೀತು ಮಾಡಿ ನೊಬೆಲ್ ತಗೊಂಡ’ ಅಂತ ಸೇರಿಸಿದೆ. ಮೊದಲ ಮಾತು ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು. ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದಾಗ ಗೊತ್ತಾಯಿತು, ಇದು ನಾನೊಬ್ಬನೇ ಮಾಡಿದ ತಪ್ಪಲ್ಲ. ದೀಪದ ಬುಡದ ಕತ್ತಲಲ್ಲಿ ನನಗಿಂತ ಎಷ್ಟೋ ದೊಡ್ಡವರು ಎಡವಿದ್ದಾರೆ.

ಮೊದಲು ಪುಸ್ತಕದ ವಾದ. ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ಬರೆದ ಅರ್ಥಶಾಸ್ತ್ರದ ಗ್ರಂಥದಲ್ಲೇ ಲೈಟ್‌ಹೌಸಿನ ಉದಾಹರಣೆ ಇದೆ. ನಡುಕಡಲಲ್ಲಿ ಹೋಗುವ ಹಡಗನ್ನು ನಿಲ್ಲಿಸಿ ದುಡ್ಡು ಕೇಳೋಕಾಗಲ್ಲ, ಕೊಡದವನಿಗೆ ಬೆಳಕು ಕಾಣದ ಹಾಗೆ ಮಾಡೋಕೂ ಆಗಲ್ಲ, ಆದ್ದರಿಂದ ಲಾಭದ ಆಸೆಯಿಂದ ಯಾರೂ ಇದನ್ನು ಕಟ್ಟುವುದಿಲ್ಲ ಅನ್ನೋದು ಅವನ ತರ್ಕ. ನಮ್ಮ ಬಡಾವಣೆಗಳಲ್ಲಿ ರಸ್ತೆ ಮೂಲೆಗೊಂದು ಸಿಸಿಟಿವಿ ಹಾಕಿಸೋಣ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಚಂದಾ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಬ್ಬೆಟ್ಟು ಎತ್ತಿದವರು ನಲವತ್ತು ಜನ, ದುಡ್ಡು ಹಾಕಿದವರು ಆರು ಜನ. ಆಮೇಲೆ ಸ್ಯಾಮ್ಯುಯೆಲ್ಸನ್ ತನ್ನ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ವೇಳೆ ವಸೂಲಿ ಮಾಡಲು ಸಾಧ್ಯವಾದರೂ ಮಾಡಬಾರದು, ಯಾಕಂದ್ರೆ ಹೊತ್ತಿಸಿದ ದೀಪವನ್ನು ಇನ್ನೊಂದು ಹಡಗು ನೋಡಿದರೆ ಎಣ್ಣೆ ಒಂದು ತೊಟ್ಟೂ ಹೆಚ್ಚು ಖರ್ಚಾಗುವುದಿಲ್ಲ, ಹಾಗಿರುವಾಗ ಶುಲ್ಕಕ್ಕೆ ಹೆದರಿ ಒಂದು ಹಡಗು ಆ ದಾರಿ ಬಿಟ್ಟರೂ ಸಮಾಜಕ್ಕೆ ನಷ್ಟವೇ ಅಂದ. ಹೀಗೆ ಲೈಟ್‌ಹೌಸ್ ಅಂದರೆ ‘ಸಾರ್ವಜನಿಕ ಸರಕು’ ಅನ್ನೋದು ತರಗತಿಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

1974ರಲ್ಲಿ ರೊನಾಲ್ಡ್ ಕೋಸ್ ಒಂದು ಲೇಖನ ಬರೆದು ಈ ಪೀಠವನ್ನು ಅಲುಗಾಡಿಸಿದ. ಅವನ ಆಕ್ಷೇಪ ಬಹಳ ಸರಳ: ಇಷ್ಟು ಜನ ಲೈಟ್‌ಹೌಸ್ ಬಗ್ಗೆ ಬರೆದರಲ್ಲ, ಒಬ್ಬನಾದರೂ ಒಂದು ಲೈಟ್‌ಹೌಸಿನ ಲೆಕ್ಕಪತ್ರ ತೆಗೆದು ನೋಡಿದ್ದಾನಾ? ಕೋಸ್ ನೋಡಿದ. ಇಂಗ್ಲೆಂಡ್ ಮತ್ತು ವೇಲ್ಸಿನ ದೀಪಗಳ ಉಸ್ತುವಾರಿಗೆ ಟ್ರಿನಿಟಿ ಹೌಸ್ ಅಂತ ಒಂದು ಹಳೆಯ ಸಂಸ್ಥೆ ಇದೆ, 1514ರಲ್ಲಿ ಎಂಟನೇ ಹೆನ್ರಿ ಸನ್ನದು ಕೊಟ್ಟದ್ದು. ಆದರೆ 1610ರಿಂದ 1675ರವರೆಗೆ ಈ ಸಂಸ್ಥೆ ಒಂದೇ ಒಂದು ಹೊಸ ಲೈಟ್‌ಹೌಸನ್ನೂ ಕಟ್ಟಲಿಲ್ಲ. ಅದೇ ಅವಧಿಯಲ್ಲಿ ಖಾಸಗಿ ಜನ ಕನಿಷ್ಠ ಹತ್ತು ಕಟ್ಟಿದರು. 1820ರಲ್ಲಿ ಇದ್ದ 46 ಲೈಟ್‌ಹೌಸುಗಳಲ್ಲಿ 22 ಟ್ರಿನಿಟಿ ಹೌಸಿನ ಕೈಯಲ್ಲಿರಲಿಲ್ಲ. ಅದರ ಕೈಯಲ್ಲಿದ್ದ 24ರಲ್ಲೂ ಅದೇ ಕಟ್ಟಿದ್ದು ಹನ್ನೊಂದು ಮಾತ್ರ. 46ರಲ್ಲಿ 34 ಮೂಲತಃ ಖಾಸಗಿಯವರು ಕಟ್ಟಿದವು.

ನನ್ನಂಥವರು ಇಲ್ಲಿಗೆ ಓದುವುದನ್ನು ನಿಲ್ಲಿಸಿಬಿಡ್ತೀವಿ. ‘ನೋಡಿದ್ರಾ, ಸರ್ಕಾರ ಬೇಡ’ ಅಂತ ಒಂದು ಸಾಲು ಜೇಬಿಗೆ ಹಾಕಿಕೊಂಡು ಹೊರಡ್ತೀವಿ. (ಕೋಸ್‌ಗೆ 1991ರಲ್ಲಿ ನೊಬೆಲ್ ಬಂದದ್ದು ವ್ಯವಹಾರದ ವೆಚ್ಚ, ಆಸ್ತಿ ಹಕ್ಕುಗಳ ಮೇಲಿನ ಕೆಲಸಕ್ಕೆ, ಲೈಟ್‌ಹೌಸಿಗಲ್ಲ. ಅದೂ ನಾನು ಗೆಳೆಯನಿಗೆ ಹೇಳಿದ್ದರಲ್ಲಿ ಸೇರಿದ ತಪ್ಪೇ.) ಕೇಳಬೇಕಾದ ಪ್ರಶ್ನೆ ಅಲ್ಲಿಂದಲೇ ಶುರುವಾಗೋದು. ಕಡಲಲ್ಲಿ ಹಡಗನ್ನು ನಿಲ್ಲಿಸೋಕೆ ಆಗಲ್ಲ ಅನ್ನೋದು ನಿಜ ತಾನೆ? ಹಾಗಾದರೆ ಈ 34 ಜನ ದುಡ್ಡು ಎತ್ತಿದ್ದು ಎಲ್ಲಿ?

ಬಂದರಿನಲ್ಲಿ. ಹಡಗು ಯಾವತ್ತಿದ್ದರೂ ಸರಕು ಇಳಿಸೋಕೆ ಒಂದು ಕಡೆ ನಿಲ್ಲಲೇಬೇಕಲ್ಲ. ಅಲ್ಲಿ ಕಸ್ಟಮ್ಸ್ ಅಧಿಕಾರಿ ಕೂತಿರ್ತಾನೆ. ಎಲ್ಲಿಂದ ಬಂದೆ, ಯಾವ ಯಾವ ದೀಪ ದಾಟಿಕೊಂಡು ಬಂದೆ, ಹಡಗು ಎಷ್ಟು ಟನ್ನಿನದು ಅಂತ ಲೆಕ್ಕ ಹಾಕಿ, ಪ್ರತಿ ದೀಪಕ್ಕೂ ಟನ್ನಿಗೆ ಇಷ್ಟು ಅಂತ ಶುಲ್ಕ ವಸೂಲಿ ಮಾಡಿ, ತನ್ನ ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ಲೈಟ್‌ಹೌಸಿನ ಮಾಲೀಕನಿಗೆ ಕಳಿಸ್ತಾನೆ. ಅಂದರೆ ದೀಪ ಖಾಸಗಿ, ವಸೂಲಿ ಸರ್ಕಾರಿ. ಬ್ರಿಟಿಷ್ ಬಂದರಿಗೆ ಬಾರದೆ ಕಾಲುವೆಯಲ್ಲಿ ಹಾಗೇ ದಾಟಿಹೋದ ಪರದೇಶದ ಹಡಗುಗಳಿಗೆ ಬೆಳಕು ಪುಕ್ಕಟೆ. ಆದರೂ ದೀಪಗಳು ಆರಲಿಲ್ಲ, ಕೊಡುವವರ ಸಂಖ್ಯೆ ಸಾಕಷ್ಟಿತ್ತು.

ಈ ಶುಲ್ಕ ಎತ್ತುವ ಹಕ್ಕು ಸುಮ್ಮನೆ ಸಿಗುತ್ತಿರಲಿಲ್ಲ. ರಾಜನಿಂದ ಪೇಟೆಂಟ್ ತರಬೇಕು, ಅಥವಾ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಬೇಕು. ಅದಕ್ಕೆ ಮುಂಚೆ ‘ನಮಗೆ ಈ ದೀಪ ಬೇಕು, ದುಡ್ಡು ಕೊಡಲು ತಯಾರಿದ್ದೇವೆ’ ಅಂತ ಹಡಗಿನವರಿಂದ ಸಹಿ ಹಾಕಿಸಿದ ಅರ್ಜಿ ತೋರಿಸಬೇಕು. ಆ ಸಹಿಗಳನ್ನು ಹೇಗೆ ಸಂಪಾದಿಸುತ್ತಿದ್ದರೋ ದೇವರಿಗೇ ಗೊತ್ತು. ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದು ಆಸ್ಥಾನದಲ್ಲಿ ಪರಿಚಯ. ಪ್ರಭುವೊಬ್ಬ ತನ್ನ ಡೈರಿಯಲ್ಲಿ, ರಾಜ ಒಳ್ಳೆ ಮೂಡಿನಲ್ಲಿದ್ದಾಗ ಒಂದು ಲೈಟ್‌ಹೌಸ್ ಕೇಳಬೇಕು ಅಂತ ನೆನಪಿಗೆ ಬರೆದಿಟ್ಟುಕೊಂಡಿದ್ದನ್ನು ಕೋಸೇ ಉಲ್ಲೇಖಿಸುತ್ತಾನೆ. ಜಹಗೀರು ಕೇಳಿದ ಹಾಗೆ! ಮಾರುಕಟ್ಟೆ ಅನ್ನೋ ಪದಕ್ಕೆ ನಮ್ಮ ಮನಸ್ಸಿನಲ್ಲಿರುವ ಚಿತ್ರ ಇದಂತೂ ಅಲ್ಲ.

ಇದೇ ವ್ಯವಸ್ಥೆ ಎಷ್ಟು ಚೆನ್ನಾಗಿಯೂ ನಡೆಯಬಹುದಿತ್ತು, ಎಷ್ಟು ಕೆಟ್ಟದಾಗಿಯೂ ಹೋಗಬಹುದಿತ್ತು ಅಂತ ತಿಳಿಯೋಕೆ ಎರಡು ದೀಪಗಳ ಕತೆ ಸಾಕು.

ಒಂದು ಎಡಿಸ್ಟೋನ್. ಪ್ಲಿಮತ್ ಬಂದರಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ, ನಡುಕಡಲಲ್ಲಿ, ಭರತ ಬಂದಾಗ ಹೆಚ್ಚುಕಮ್ಮಿ ಪೂರ್ತಿ ಮುಳುಗುವ ಬಂಡೆಗಳ ಗುಂಪು. ಸುತ್ತ ನೀರೇ ಇರುವ ಇಂಥ ಬಂಡೆಯ ಮೇಲೆ ಗೋಪುರ ಕಟ್ಟಲು 1696ರಲ್ಲಿ ಹೊರಟವನು ಹೆನ್ರಿ ವಿನ್‌ಸ್ಟ್ಯಾನ್ಲಿ. ಇವನೇನು ಎಂಜಿನಿಯರ್ ಅಲ್ಲ. ಚಿತ್ರ ಕೊರೆಯುವವನು, ಲಂಡನ್ನಿನಲ್ಲಿ ನೀರಿನ ಚಮತ್ಕಾರ ತೋರಿಸುವ ಪ್ರದರ್ಶನ ನಡೆಸುತ್ತಿದ್ದವನು. ಕೆಲಸದ ನಡುವೆ ಫ್ರೆಂಚ್ ಹಡಗಿನವರು ಬಂದು ಇವನನ್ನೇ ಸೆರೆಹಿಡಿದು ಒಯ್ದರು, ಆಗ ಎರಡೂ ದೇಶಗಳ ನಡುವೆ ಯುದ್ಧ. ದೀಪ ಎರಡೂ ದೇಶದ ನಾವಿಕರಿಗೂ ಬೇಕಾದದ್ದು ಅಂತ ಹದಿನಾಲ್ಕನೇ ಲೂಯಿ ಇವನನ್ನು ಬಿಡಿಸಿ ಕಳಿಸಿದನಂತೆ. ‘ಸಾರ್ವಜನಿಕ ಸರಕು’ ಅನ್ನೋ ಪದ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಶತ್ರು ರಾಜನಿಗೆ ಆ ವಿಚಾರ ಗೊತ್ತಿತ್ತು ಅನ್ನಿ. 1698ರ ನವೆಂಬರಿನಲ್ಲಿ ದೀಪ ಹೊತ್ತಿತು.

ಒಪ್ಪಂದದ ಪ್ರಕಾರ ಮೊದಲ ಐದು ವರ್ಷದ ಲಾಭ ಪೂರ್ತಿ ಕಟ್ಟಿದವರಿಗೆ, ಆಮೇಲೆ ಐವತ್ತು ವರ್ಷ ಟ್ರಿನಿಟಿ ಹೌಸ್ ಜೊತೆ ಅರ್ಧ ಅರ್ಧ. ವಿನ್‌ಸ್ಟ್ಯಾನ್ಲಿಗೆ ಆದ ಖರ್ಚು ಎಂಟು ಸಾವಿರ ಪೌಂಡಿನ ಹತ್ತಿರ, ಆ ಐದು ವರ್ಷದಲ್ಲಿ ಬಂದ ಶುಲ್ಕ ಐದು ಸಾವಿರ ಪೌಂಡೂ ಮುಟ್ಟಲಿಲ್ಲ. 1703ರ ನವೆಂಬರಿನಲ್ಲಿ ಇಂಗ್ಲೆಂಡ್ ಇವತ್ತಿಗೂ ಮರೆಯದ ಮಹಾ ಚಂಡಮಾರುತ ಬಂದ ರಾತ್ರಿ ಅವನು ಅದೇ ಗೋಪುರದಲ್ಲಿದ್ದ, ರಿಪೇರಿ ಮಾಡಿಸಲು ಹೋಗಿದ್ದ. ಬೆಳಗ್ಗೆ ನೋಡಿದರೆ ಗೋಪುರವೂ ಇಲ್ಲ, ಅವನೂ ಇಲ್ಲ. ದೀಪ ಹೋದ ಕೆಲವೇ ದಿನಗಳಲ್ಲಿ ವಿಂಚೆಲ್ಸೀ ಅನ್ನೋ ವ್ಯಾಪಾರಿ ಹಡಗು ಅದೇ ಬಂಡೆಗೆ ಬಡಿದು ಒಡೆಯಿತು.

ಆಮೇಲೆ ಲವೆಟ್ ಅನ್ನುವವನು 99 ವರ್ಷದ ಲೀಸ್ ಹಿಡಿದ. ಶುಲ್ಕ ಎತ್ತಲು ಪಾರ್ಲಿಮೆಂಟು 1706ರಲ್ಲಿ ಕಾಯ್ದೆ ಮಾಡಿಕೊಟ್ಟಿತು. ರೇಷ್ಮೆ ವ್ಯಾಪಾರಿ ರಡ್‌ಯರ್ಡ್ ಮುಂದೆ ನಿಂತು ಮರದ ಗೋಪುರ ಕಟ್ಟಿಸಿದ. ಅದು ನಲವತ್ತೇಳು ವರ್ಷ ಬಾಳಿ 1755ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಅವತ್ತು ಕಾವಲಿಗಿದ್ದ ಹೆನ್ರಿ ಹಾಲ್‌ಗೆ 94 ವರ್ಷವಂತೆ. ಮೇಲಕ್ಕೆ ಮುಖ ಮಾಡಿ ಬೆಂಕಿಗೆ ನೀರು ಎರಚುತ್ತಿದ್ದಾಗ ಚಾವಣಿಯ ಸೀಸ ಕರಗಿ ಅವನ ಬಾಯಿಗೇ ಬಿತ್ತು. ಹೊಟ್ಟೆಯೊಳಗೆ ಸೀಸ ಹೋಗಿದೆ ಅಂತ ಮುದುಕ ಹೇಳಿದರೆ ನಂಬಿದವರಿಲ್ಲ. ಹನ್ನೆರಡನೇ ದಿನ ಸತ್ತ ಮೇಲೆ ವೈದ್ಯರು ಹೊಟ್ಟೆಯಿಂದ ಇನ್ನೂರು ಗ್ರಾಮಿನಷ್ಟು ತೂಕದ ಸೀಸದ ಗಟ್ಟಿ ತೆಗೆದರು. ಅದು ಈಗ ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿದೆ. ಲೈಟ್‌ಹೌಸಿನ ಅರ್ಥಶಾಸ್ತ್ರ ಬರೆದ ಯಾರ ಪುಸ್ತಕದಲ್ಲೂ ಈ ಮುದುಕ ಬರುವುದನ್ನು ನಾನು ಕಂಡಿಲ್ಲ. ಎಣ್ಣೆಗೆ ಹೆಚ್ಚುವರಿ ಖರ್ಚು ಸೊನ್ನೆ ಅಂತ ಲೆಕ್ಕ ಹಾಕುವಾಗ ಇವನನ್ನು ಯಾವ ಕಾಲಮ್ಮಿನಲ್ಲಿ ಹಾಕೋದು?

ಕೋಸ್‌ನ ವಾದಕ್ಕೆ ನಿಜವಾದ ಬಲ ಸಿಗೋದು ಇಲ್ಲಿಂದ ಮುಂದೆ. ಗೋಪುರ ಸುಟ್ಟ ದಿನದಿಂದಲೇ ಲೀಸ್ ಹಿಡಿದವರ ಆದಾಯ ನಿಂತಿತು. ಅವರ ಅವಧಿ ಇನ್ನೂ ಐವತ್ತು ವರ್ಷ ಬಾಕಿ ಇತ್ತು. ಹಾಗಾಗಿ ಮೀನಮೇಷ ಎಣಿಸದೆ ಜಾನ್ ಸ್ಮೀಟನ್‌ನನ್ನು ಹಿಡಿದು, ಈ ಸಲ ಕಲ್ಲಿನಲ್ಲೇ ಕಟ್ಟಿ ಅಂದರು. ಮರದ ತೊಲೆಗಳನ್ನು ಒಂದಕ್ಕೊಂದು ಕಚ್ಚಿಸುವ ಹಾಗೆ ಕಲ್ಲುಗಳನ್ನು ಕೊರೆದು ಕಚ್ಚಿಸಿ, ನೀರಿನಲ್ಲೂ ಗಟ್ಟಿಯಾಗುವ ಸುಣ್ಣದ ಗಾರೆಯನ್ನು ಪ್ರಯೋಗ ಮಾಡಿ ಹುಡುಕಿ, 1759ರ ಅಕ್ಟೋಬರಿನಲ್ಲಿ ಸ್ಮೀಟನ್ 24 ಮೇಣದ ಬತ್ತಿಗಳ ದೀಪ ಹಚ್ಚಿದ. (ಸಿವಿಲ್ ಎಂಜಿನಿಯರ್ ಗೆಳೆಯರೇ, ನಿಮ್ಮ ಸಿಮೆಂಟಿನ ವಂಶಾವಳಿಯಲ್ಲಿ ಈ ಗಾರೆಗೂ ಒಂದು ಸ್ಥಾನವಿದೆ.) ಸುಟ್ಟು ನಾಲ್ಕು ವರ್ಷದೊಳಗೆ, ಹದಿನೆಂಟನೇ ಶತಮಾನದಲ್ಲಿ, ನಡುಕಡಲಿನ ಬಂಡೆಯ ಮೇಲೆ! ನಮ್ಮೂರಿನ ಫ್ಲೈಓವರುಗಳನ್ನು ನೆನೆದು ಒಂದು ನಿಟ್ಟುಸಿರು ಬಿಡಬಹುದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲೀಸ್ ಮುಗಿಯಿತು. ದೀಪ ಟ್ರಿನಿಟಿ ಹೌಸಿಗೆ ವಾಪಸ್ ಬಂತು. ಜಗಳವಿಲ್ಲ, ತಂಟೆಯಿಲ್ಲ.

ಇನ್ನೊಂದು ದೀಪ ಸ್ಕೆರೀಸ್. ವೇಲ್ಸಿನ ಆಂಗ್ಲೆಸಿ ದ್ವೀಪದ ಪಕ್ಕದ ಬಂಡೆಗಳು, ಲಿವರ್‌ಪೂಲಿಗೆ ಹೋಗುವ ದಾರಿ. 1714ರಲ್ಲಿ ವಿಲಿಯಂ ಟ್ರೆಂಚ್ ಅನ್ನುವವನು ರಾಣಿಯಿಂದ ಪೇಟೆಂಟ್ ತಂದ, 1717ರಲ್ಲಿ ಕಲ್ಲಿದ್ದಲು ಉರಿಸಿ ದೀಪ ಹಚ್ಚಿದ. ಅವನ ಮಗ ಅದೇ ಬಂಡೆಗಳ ಹತ್ತಿರ ಕಡಲಪಾಲಾದ. ಬಂದ ಶುಲ್ಕ ಖರ್ಚಿಗೆ ಸಾಲದೆ ಟ್ರೆಂಚ್ ಸಾಲದಲ್ಲೇ ಸತ್ತ. 1730ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ಆ ಹಕ್ಕನ್ನು ಅವನ ವಾರಸುದಾರರಿಗೆ ಶಾಶ್ವತವಾಗಿ ಬರೆದುಕೊಟ್ಟಿತು. ಕನಿಕರದಿಂದಲೇ ಕೊಟ್ಟಿರಬಹುದು, ಕೊಟ್ಟವರಿಗೆ ಅದೇನು ದೊಡ್ಡ ಆಸ್ತಿ ಅಂತಲೂ ಅನ್ನಿಸಿರಲಿಕ್ಕಿಲ್ಲ. 99 ವರ್ಷ ಅನ್ನೋ ಜಾಗದಲ್ಲಿ ಶಾಶ್ವತ ಅನ್ನೋ ಒಂದು ಪದ ಬಂತು, ಅಷ್ಟೇ.

ಈಗ ಲಿವರ್‌ಪೂಲಿನ ಕಡೆ ನೋಡಿ. ಅಲ್ಲಿನ ಮೊದಲ ಡಾಕ್ ತೆರೆದದ್ದು 1715ರಲ್ಲಿ. ಮುಂದಿನ ನೂರು ವರ್ಷದಲ್ಲಿ ಆ ಊರು ಮೊದಲು ಗುಲಾಮರ ವ್ಯಾಪಾರದಿಂದ, ಆಮೇಲೆ ಹತ್ತಿಯಿಂದ, ಮ್ಯಾಂಚೆಸ್ಟರಿನ ಬಟ್ಟೆಯಿಂದ ಎಲ್ಲಿಂದೆಲ್ಲಿಗೋ ಬೆಳೆಯಿತು. ಸ್ಕೆರೀಸ್ ದಾಟಿ ಹೋಗುವ ಹಡಗುಗಳೂ ಬೆಳೆದವು, ಒಂದೊಂದು ಹಡಗಿನ ಟನ್ನೂ ಬೆಳೆಯಿತು. ಬಂಡೆಯ ಮೇಲಿನ ದೀಪ ಮಾತ್ರ ಒಂದೇ. ಸ್ಯಾಮ್ಯುಯೆಲ್ಸನ್ ಹೇಳಿದ್ದು ಅಕ್ಷರಶಃ ನಿಜ, ಇನ್ನೂ ಸಾವಿರ ಹಡಗು ಬಂದರೂ ಉರುವಲಿನ ಖರ್ಚು ಅಷ್ಟೇ. ಆದರೆ ಪ್ರತಿ ಹಡಗಿನಿಂದಲೂ ಶುಲ್ಕ ಬರುತ್ತಲೇ ಇತ್ತು. ಮಾಲೀಕರು ಏನೂ ಹೊಸದಾಗಿ ಮಾಡಬೇಕಾಗಿರಲಿಲ್ಲ, ಆ ವಂಶದಲ್ಲಿ ಹುಟ್ಟಿದ್ದರೆ ಸಾಕಿತ್ತು.

ಹಡಗಿನವರ ಗೋಳು 1834ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂತು. 1836ರ ಕಾಯ್ದೆ, ಇನ್ನೂ ಖಾಸಗಿಯವರ ಕೈಯಲ್ಲಿದ್ದ ಲೈಟ್‌ಹೌಸುಗಳನ್ನೆಲ್ಲ ಕೊಂಡುಕೊಳ್ಳಲು ಟ್ರಿನಿಟಿ ಹೌಸಿಗೆ ಅಧಿಕಾರ ಕೊಟ್ಟಿತು. ಲೀಸ್ ಕೆಲವೇ ವರ್ಷ ಉಳಿದಿದ್ದವನ್ನು ಕೊಳ್ಳುವುದು ಸುಲಭ. ಶಾಶ್ವತ ಹಕ್ಕಿಗೆ ಬೆಲೆ ಕಟ್ಟೋದು ಹೇಗೆ? ಸ್ಕೆರೀಸಿನ ಮಾಲೀಕ ಮಾರಲು ಒಪ್ಪಲಿಲ್ಲ. ಕೊನೆಗೆ ಜ್ಯೂರಿ ಕೂತು ತೀರ್ಮಾನಿಸಿತು. 1841ರಲ್ಲಿ ಒಂದು ಬಂಡೆ, ಒಂದು ಗೋಪುರ, ಒಂದು ಹಕ್ಕುಪತ್ರಕ್ಕೆ ಕೊಟ್ಟ ಬೆಲೆ 4,44,984 ಪೌಂಡ್. ವಿನ್‌ಸ್ಟ್ಯಾನ್ಲಿ ತನ್ನ ಗೋಪುರಕ್ಕೆ ಸುರಿದಿದ್ದು ಎಂಟು ಸಾವಿರ ಅನ್ನೋದನ್ನ ನೆನಪಿಡಿ. ನಡುವೆ ಹಣದ ಬೆಲೆ ಇಳಿದಿದೆ ಅಂತ ಎಷ್ಟೇ ರಿಯಾಯಿತಿ ಕೊಟ್ಟರೂ, ಇದು ಕಲ್ಲು ಗಾರೆಯ ಬೆಲೆ ಅಲ್ಲ. ಲಿವರ್‌ಪೂಲಿಗೆ ಬರುವ ಪ್ರತಿ ಹಡಗನ್ನೂ ಕಾಲಾಂತ್ಯದವರೆಗೆ ತಡೆದು ದುಡ್ಡು ಕೇಳುವ ಹಕ್ಕಿನ ಬೆಲೆ. ಆ ಹಕ್ಕು ಹುಟ್ಟಿದ್ದು ಪಾರ್ಲಿಮೆಂಟಿನಲ್ಲಿ, ಅದನ್ನು ದಿನವೂ ಚಲಾಯಿಸಿದ್ದು ಕಸ್ಟಮ್ಸ್ ಗುಮಾಸ್ತ. ಅದನ್ನು ವಾಪಸ್ ಕೊಂಡ ಟ್ರಿನಿಟಿ ಹೌಸಿಗೆ ಇದ್ದ ಆದಾಯವೂ ಹಡಗುಗಳ ಶುಲ್ಕವೇ. ಅಂದರೆ ಬಿಲ್ ಮತ್ತೆ ಬಂದದ್ದು ಅದೇ ನಾವಿಕರ ತಲೆಗೆ.

ಕೋಸ್‌ನ ಲೇಖನಕ್ಕೆ ಆಮೇಲೆ ಬಂದ ಟೀಕೆಗಳಲ್ಲಿ ಡೇವಿಡ್ ವ್ಯಾನ್ ಜಾಂಟ್ 1993ರಲ್ಲಿ ಬರೆದದ್ದು ಈ ಕಾರಣಕ್ಕೇ ನನಗೆ ಹಿಡಿಸಿತು. ಸರ್ಕಾರದ ಕೈ ಇಲ್ಲದೆ ನಡೆದ ಲೈಟ್‌ಹೌಸ್ ಇದರಲ್ಲಿ ಯಾವುದಿದೆ ತೋರಿಸಿ ಅನ್ನೋದು ಅವನ ಪ್ರಶ್ನೆಯ ಸಾರ. ಏಕಸ್ವಾಮ್ಯ ಕೊಟ್ಟಿದ್ದು ಸರ್ಕಾರ, ದರ ನಿಗದಿ ಮಾಡಿದ್ದು ಸರ್ಕಾರ, ವಸೂಲಿ ಮಾಡಿಸಿದ್ದು ಸರ್ಕಾರ. ಕೋಸ್‌ನನ್ನೂ ಪೂರ್ತಿ ಬಿಟ್ಟುಕೊಡಬೇಕಾಗಿಲ್ಲ. ಸರ್ಕಾರದ ಪಾತ್ರ ಹಕ್ಕು ಕೊಡುವುದು, ಜಾರಿ ಮಾಡುವುದು ಅಂತ ಅವನೇ ಬರೆದಿದ್ದಾನೆ. ದುಡ್ಡು ಕೊಡುವ ಹಡಗಿನವರಿಗೆ ದೀಪದ ಲೆಕ್ಕದ ಮೇಲೆ ಕಣ್ಣಿರುತ್ತದೆ, ಅದನ್ನು ಬೊಕ್ಕಸಕ್ಕೆ ಹಾಕಿದರೆ ಆ ಕಣ್ಣು ಹೋಗುತ್ತದೆ ಅನ್ನುವ ಅವನ ಮಾತಿನಲ್ಲೂ ಹುರುಳಿದೆ. ಆ ಸಾಲುಗಳನ್ನು ದಾಟಿ ಓಡಿದವರು ನಾವು, ಜೇಬಿಗೆ ಉದಾಹರಣೆ ಬೇಕಾಗಿದ್ದವರು. ಅಮೆರಿಕಾದವರು 1789ರಲ್ಲೇ, ಅವರ ಮೊದಲ ಕಾಂಗ್ರೆಸ್ಸಿನಲ್ಲೇ, ಲೈಟ್‌ಹೌಸುಗಳನ್ನು ಕೇಂದ್ರದ ಖಜಾನೆಗೆ ಹಾಕಿಕೊಂಡು ಶುಲ್ಕದ ಗೊಡವೆಯೇ ಬೇಡ ಅಂದರು. ಅದೂ ನಡೆಯಿತು. ಹಾಗಾಗಿ ಸರ್ಕಾರವೋ ಖಾಸಗಿಯೋ ಅನ್ನೋ ಚರ್ಚೆ ಈಗ ನನಗೆ ಅಷ್ಟು ರುಚಿಸುವುದಿಲ್ಲ. ಟೋಲ್ ರಸ್ತೆಯಲ್ಲಿ ಫಾಸ್ಟ್ಯಾಗ್ ಕುಂಯ್ ಅಂದಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಈ ಒಪ್ಪಂದದ ಕಾಗದದಲ್ಲಿ ಎಷ್ಟು ವರ್ಷ ಅಂತ ಬರೆದಿದೆ, ವಾಹನಗಳು ಹೆಚ್ಚಾದರೆ ದರ ಇಳಿಸಬೇಕು ಅಂತ ಬರೆದಿದೆಯಾ? ಎಡಿಸ್ಟೋನಾ, ಸ್ಕೆರೀಸಾ?

ಇನ್ನು ಕಾಪುವಿನಲ್ಲಿ ನಾನು ಹೇಳಿದ ಮೊದಲ ತಪ್ಪು. ನಮ್ಮ ಲೈಟ್‌ಹೌಸುಗಳನ್ನು ಕೇಂದ್ರ ಸರ್ಕಾರದ ಇಲಾಖೆ ನಡೆಸುವುದು ನಿಜ. ಆದರೆ ವಸೂಲಿ ಇಲ್ಲ ಅನ್ನೋದು ಸುಳ್ಳು. 1927ರ ಲೈಟ್‌ಹೌಸ್ ಕಾಯ್ದೆಯೇ ಬಂದರಿಗೆ ಬರುವ ಹಡಗುಗಳ ಮೇಲೆ ಟನ್ನಿನ ಲೆಕ್ಕದಲ್ಲಿ ದೀಪದ ಶುಲ್ಕ ಹಾಕಿತ್ತು, ಕಟ್ಟದಿದ್ದರೆ ಬಂದರು ಬಿಡಲು ಅನುಮತಿ ಇಲ್ಲ. 2021ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂತು, ಶುಲ್ಕ ಉಳಿಯಿತು. ಅವತ್ತು ಗೆಳೆಯ ತೋರಿಸಿದ ಹಡಗು ಪಣಂಬೂರಿಗೇ ಹೋಗುತ್ತಿದ್ದರೆ ಅದರ ಹೆಸರಿಗೂ ಅಲ್ಲಿ ಒಂದು ರಸೀದಿ ಹರಿದಿರುತ್ತದೆ. ಜಿಪಿಎಸ್ ಇರುವ ಈ ಕಾಲದಲ್ಲೂ.

ಇಷ್ಟನ್ನೂ ಅವನಿಗೆ ಫೋನ್ ಮಾಡಿ ಹೇಳಿ ತಪ್ಪೊಪ್ಪಿಕೊಂಡೆ. ಪೂರ್ತಿ ಕೇಳಿಸಿಕೊಂಡು, ‘ಮತ್ತೆ ನಾವು ನೋಡಿದ ಆ ಸಣ್ಣ ದೋಣಿಗಳು?’ ಅಂದ. ಮೀನು ಹಿಡಿಯುವ ಸಣ್ಣ ದೋಣಿಗಳಿಗೆ ಶುಲ್ಕವಿಲ್ಲ. ಕತ್ತಲಾದ ಮೇಲೆ ಕಾಪು ದೀಪದ ಮಿಣುಕು ಎಣಿಸಿ, ಮಲ್ಪೆ ಯಾವ ಕಡೆ ಅಂತ ಗುರುತು ಹಿಡಿದು ಅವರು ಮನೆ ಸೇರುತ್ತಾರೆ. ‘ಹಾಗಾದ್ರೆ ದುಡ್ಡು ಕೊಟ್ಟಿದ್ದು ನಾವು, ಆ ದೊಡ್ಡ ಹಡಗು. ನಮಗಿಬ್ಬರಿಗೂ ಅದು ಅಷ್ಟೇನೂ ಬೇಕಾಗಿರಲಿಲ್ಲ’ ಅಂದ. ನಾನು ಸ್ಯಾಮ್ಯುಯೆಲ್ಸನ್ ವಿಷಯ ಇನ್ನೊಂದು ಸಲ ಶುರು ಮಾಡುವಷ್ಟರಲ್ಲಿ ಅವನಿಗೆ ಮೀಟಿಂಗ್ ಬಂತು.